ಸರ್ವರ್ ಕೋಣೆಯ ಸಾಹೇಬರು

ಏಪ್ರಿಲ್ ತಿಂಗಳ ಕಡೂರಿನ ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುವಾಗಲೂ ಸಾಹೇಬರ ಮೈಮೇಲೆ ಕಂದು ಬಣ್ಣದ ಉಣ್ಣೆ ಸ್ವೆಟರ್ ಇರುತ್ತಿತ್ತು. ಮೊಣಕೈ ಹತ್ತಿರ ಅದು ಎಷ್ಟು ಸವೆದಿತ್ತೆಂದರೆ ಒಳಗಿನ ಬಿಳಿ ಶರ್ಟು ಜಾಲರಿಯ ಹಿಂದೆ ಇದ್ದಂತೆ ಕಾಣುತ್ತಿತ್ತು. ನಮ್ಮ ಆಸ್ಪತ್ರೆಯ ಸಾಲಿನಲ್ಲಿ ಕೂತವರು ಅವರನ್ನು ಕಂಡು, "ಪಾಪ, ಚಳಿಜ್ವರ ಇರ್ಬೇಕು, ಮುಂದೆ ಬಿಡ್ರಪ್ಪಾ" ಎಂದು ಮೊಣಕಾಲು ಸರಿಸುತ್ತಿದ್ದರು. ಅವರು ನಗುತ್ತಾ, "ನಂಗೇನಿಲ್ಲ ಕಣಮ್ಮ, ನಾನು ಕೂರೋ ರೂಮಿಗೆ ಚಳಿ" ಎಂದು ಹೇಳಿ ಕಾರಿಡಾರಿನ ಕೊನೆಯ ಬಾಗಿಲು ತೆಗೆದು ಒಳಗೆ ಹೋಗುತ್ತಿದ್ದರು.

ಆ ಕೋಣೆ ಮೊದಲು ನನ್ನದು. ಹನ್ನೊಂದು ವರ್ಷ ರೋಗಿಗಳ ಕಡತಗಳನ್ನು ಅಲ್ಲಿ ಜೋಡಿಸಿಟ್ಟಿದ್ದೆ. ಯಾರ ಕಡತ ಯಾವ ಗೂಡಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಒಂದು ದಿನ ಆಡಳಿತಾಧಿಕಾರಿ ಬಂದು, ತರೀಕೆರೆಯ ಶಾಖೆ, ಅಜ್ಜಂಪುರದ ಕ್ಲಿನಿಕ್ಕು, ಕಡೂರಿನ ಆಸ್ಪತ್ರೆ ಮೂರೂ ಇನ್ನು ಕಂಪ್ಯೂಟರಿನಲ್ಲೇ ನಡೆಯುತ್ತವೆ, ಸರ್ವರ್ ಇಡುವುದಕ್ಕೆ ಈ ಕೋಣೆ ಬೇಕು, ನೀವು ಸಾಹೇಬರ ಕೈಕೆಳಗೆ ಕೆಲಸ ಕಲಿಯಿರಿ ಎಂದರು. ಕಡತಗಳು ಲಾರಿ ಹತ್ತಿದವು. ಅವಿದ್ದ ಜಾಗದಲ್ಲಿ ಎರಡು ಕಪ್ಪು ಬೀರುಗಳು ಬಂದು ನಿಂತು ಭೋರೆಂದು ಸದ್ದು ಮಾಡತೊಡಗಿದವು. ನಲವತ್ತರ ಹತ್ತಿರ ಬಂದಿದ್ದ ನನಗೆ ಅಳು ಬಂತು. ಸಾಹೇಬರು ನೋಡಿಯೂ ನೋಡದವರಂತೆ, "ನಾನೂ ಐವತ್ತಕ್ಕೇ ಕಲ್ತಿದ್ದು" ಎಂದಷ್ಟೇ ಹೇಳಿದರು.

ಅವರು ತರೀಕೆರೆಯವರು. ಮನೆಗೆ ಫೋನ್ ಮಾಡಿದರೆ ದಖ್ಖನಿ ಉರ್ದು, ಫೋನ್ ಇಟ್ಟ ಕ್ಷಣ ನಮ್ಮಷ್ಟೇ ಹಳ್ಳಿ ಕನ್ನಡ. ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿದ್ದರಂತೆ. ತಂತಿಯ ಫೋನುಗಳ ಕಾಲ ಮುಗಿದಾಗ ಕೆಲಸ ಬಿಟ್ಟು, ತಮ್ಮ ಮಗಳ ವಯಸ್ಸಿನವರ ಪಕ್ಕ ಬೆಂಚಿನಲ್ಲಿ ಕೂತು ಸರ್ವರ್ ವಿದ್ಯೆ ಕಲಿತವರು. ದಿನಾ ಬೆಳಗ್ಗೆ ತರೀಕೆರೆಯಿಂದ ರೈಲಿನಲ್ಲಿ ಬರುತ್ತಿದ್ದರು. ಬಂದವರೇ ಮೊದಲು ಪರದೆ ನೋಡುತ್ತಿರಲಿಲ್ಲ. ಬೀರುವಿನ ಹಿಂಬದಿಗೆ ಹೋಗಿ ಬಿಸಿಗಾಳಿ ಬರುವಲ್ಲಿ ಅಂಗೈ ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಒಮ್ಮೆ ಹಾಗೆ ನಿಂತೇ, "ಎರಡನೇದರಲ್ಲಿ ಒಂದು ಫ್ಯಾನ್ ಸುಸ್ತಾಗೈತೆ" ಅಂದರು. ಪರದೆಯಲ್ಲಿ ಎಲ್ಲವೂ ಹಸಿರಾಗಿತ್ತು. ನಾಲ್ಕನೆಯ ದಿನಕ್ಕೆ ಆ ಫ್ಯಾನ್ ನಿಂತುಹೋಯಿತು.

ವರ್ಚುವಲ್ ಮಷೀನ್ ಎಂದರೇನು ಎಂದು ನನಗೆ ಹೇಳಿಕೊಡಲು ಅವರು ಪುಸ್ತಕ ತೆಗೆಯಲಿಲ್ಲ. "ವಠಾರ ನೋಡಿದೀರಾ? ಒಂದೇ ಗೋಡೆ, ಒಂದೇ ಸೂರು, ಒಂದೇ ನಲ್ಲಿ. ಒಳಗೆ ಹನ್ನೆರಡು ಸಂಸಾರ. ಈ ಬೀರು ವಠಾರ. ಒಳಗೆ ಹನ್ನೆರಡು ಕಂಪ್ಯೂಟರು ಸಂಸಾರ ಮಾಡ್ತಾವೆ. ಲ್ಯಾಬಿನವರದ್ದೊಂದು, ಔಷಧಿ ಅಂಗಡೀದೊಂದು, ಎಕ್ಸ್‌ರೇದೊಂದು. ಒಬ್ಬರಿಗೆ ಜ್ವರ ಬಂದ್ರೆ ಇನ್ನೊಬ್ಬರಿಗೆ ಗೊತ್ತಾಗ್ಬಾರ್ದು. ನೀರು ಮಾತ್ರ ಎಲ್ರಿಗೂ ಬರ್ಬೇಕು. ಅಷ್ಟು ನೋಡ್ಕೊಳ್ಳೋದು ನಮ್ಮ ಕೆಲಸ." ಯಾವ ಬೀರುವಿಗೆ ರಿಪೇರಿ ಇದ್ದರೂ ಅದರೊಳಗಿನ 'ಸಂಸಾರ'ಗಳನ್ನು ನಡೆಯುತ್ತಿದ್ದಂತೆಯೇ ಪಕ್ಕದ ಬೀರುವಿಗೆ ದಾಟಿಸುತ್ತಿದ್ದರು. ಹೊರಗೆ ಕೂತ ಒಬ್ಬ ರೋಗಿಗೂ ಅದು ತಿಳಿಯುತ್ತಿರಲಿಲ್ಲ. ನನಗೆ ಮೊದಲ ಸಲ ಅದನ್ನು ತೋರಿಸಿದಾಗ ಬಾಯಿ ತೆರೆದುಕೊಂಡೇ ನಿಂತಿದ್ದೆ.

ಅವರದ್ದು ಒಂದೇ ಕಟ್ಟುನಿಟ್ಟು. ಏನನ್ನಾದರೂ ಬದಲಿಸುವ ಮೊದಲು ಏನು ಮಾಡುತ್ತಿದ್ದೇವೆಂದು ಜೋರಾಗಿ ಓದಬೇಕು, ಪಕ್ಕದಲ್ಲಿ ಇನ್ನೊಬ್ಬರು ಕೇಳಿಸಿಕೊಳ್ಳಬೇಕು. "ಬಾಯಿ ಹೇಳಿದ್ಮೇಲೆ ಕೈ ಒತ್ತಲಿ" ಎನ್ನುತ್ತಿದ್ದರು. ಎಷ್ಟೇ ಸಣ್ಣ ಕೆಲಸವಾದರೂ ಅಷ್ಟೇ. ಇಬ್ಬರೇ ಇರುವ ಕೋಣೆಯಲ್ಲಿ ಮಗ್ಗಿ ಒಪ್ಪಿಸಿದಂತೆ ಓದುವುದು ನನಗೆ ನಾಚಿಕೆ. ಮೂರು ವರ್ಷವಾದರೂ ಹೀಗೆ ಓದಿಸುತ್ತಾರಲ್ಲ, ನನ್ನ ಮೇಲೆ ನಂಬಿಕೆಯೇ ಇಲ್ಲವೇ ಎಂದು ಒಳಗೊಳಗೇ ಸಿಟ್ಟೂ ಇತ್ತು.

ಆ ಸಿಟ್ಟಿನಿಂದಲೇ ಅನಾಹುತವಾಯಿತು.

ಒಂದು ಶನಿವಾರ ಮಧ್ಯಾಹ್ನ ಲ್ಯಾಬಿನ ಸಾಫ್ಟ್‌ವೇರಿಗೆ ಹೊಸ ಆವೃತ್ತಿ ಹಾಕುವುದಿತ್ತು. ಹಾಗೆ ಹಾಕುವ ಮೊದಲು ಸಾಹೇಬರು ಆ ಮಷೀನಿನ ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಳ್ಳುತ್ತಿದ್ದರು. ಅದು ಆ ಗಳಿಗೆಯ ಒಂದು ಫೋಟೋ ಇದ್ದಂತೆ. ಹೊಸತು ಕೈಕೊಟ್ಟರೆ ಮಷೀನನ್ನು ಆ ಗಳಿಗೆಗೇ ಹಿಂದಿರುಗಿಸಬಹುದು. ಎಲ್ಲ ಸರಿಯಿದ್ದರೆ ಫೋಟೋ ಅಳಿಸಿಬಿಡಬೇಕು. ಹೊಸ ಆವೃತ್ತಿ ಚೆನ್ನಾಗಿಯೇ ನಡೆಯಿತು. "ಸೋಮವಾರ ನಾನು ಬಂದ್ಮೇಲೆ ಇಬ್ರೂ ಕೂತು ಅಳಿಸೋಣ" ಎಂದು ಹೇಳಿ ಅವರು ರೈಲಿಗೆ ಹೋದರು.

ಸೋಮವಾರ ನಾನು ಬೇಗ ಬಂದೆ. ಅವರು ಬರುವಷ್ಟರಲ್ಲಿ ಕೆಲಸ ಮುಗಿಸಿ, 'ಆಗಲೇ ಆಯ್ತು ಸಾರ್' ಎನ್ನಬೇಕೆಂದು ಆಸೆ. ಪರದೆಯಲ್ಲಿ ಅಕ್ಕಪಕ್ಕ ಎರಡು ಆಯ್ಕೆಗಳಿದ್ದವು. ಒಂದು ಫೋಟೋ ಅಳಿಸು, ಇನ್ನೊಂದು ಫೋಟೋದ ಗಳಿಗೆಗೆ ಹಿಂದಿರುಗು. ಜೋರಾಗಿ ಓದಲಿಲ್ಲ. ಖಚಿತವೇ ಎಂದು ಅದು ಕೇಳಿತು. ಹೌದು ಎಂದು ಒತ್ತಿದೆ. ಒತ್ತಿ, ಹೊರಗೆ ಹೋಗಿ ಚಹಾ ಕುಡಿದೆ.

ಒಂಬತ್ತು ಗಂಟೆಗೆ ಲ್ಯಾಬಿನವರು ಬಂದರು. "ಮೇಡಂ, ಶನಿವಾರ ಮಧ್ಯಾಹ್ನದಿಂದ ಮಾಡಿದ್ದು ಒಂದೂ ಕಾಣ್ತಿಲ್ವಲ್ಲ?"

"ಸ್ವಲ್ಪ ಇರಿ, ಬರುತ್ತೆ" ಎಂದೆ. ಹೇಳುತ್ತಿದ್ದಂತೆಯೇ ನಾನು ಮಾಡಿದ್ದೇನೆಂದು ನನಗೆ ಹೊಳೆಯಿತು. ಆ ತಣ್ಣನೆ ಕೋಣೆಯಲ್ಲಿ ನನ್ನ ಕುತ್ತಿಗೆಯಿಂದ ಬೆವರು ಇಳಿಯಿತು.

ಇಲ್ಲಿ ನಿಜ ಹೇಳಬೇಕು. ಆಗಲೇ ಲ್ಯಾಬಿಗೆ ಓಡಿ 'ನಿಲ್ಲಿಸಿ' ಎಂದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ. ನಾನು ಓಡಲಿಲ್ಲ. ಭಾನುವಾರ ಬೇರೆಡೆ ಉಳಿಸಿಟ್ಟ ಪ್ರತಿ, ಬ್ಯಾಕಪ್, ಇದೆ, ಸಾಹೇಬರು ಬಂದರೆ ಯಾರಿಗೂ ತಿಳಿಯದಂತೆ ಸರಿಮಾಡುತ್ತಾರೆ ಎಂದುಕೊಂಡು ಬಾಗಿಲು ಹಾಕಿಕೊಂಡು ಕೂತೆ. ಅವರಿಗೆ ಫೋನ್ ಕೂಡ ಮಾಡಲಿಲ್ಲ. ಅಂದೇ ರೈಲು ತಡವಾಗಿತ್ತು. ಒಂದೂವರೆ ಗಂಟೆ ಕಳೆಯಿತು.

ಹತ್ತೂವರೆಗೆ ಅವರು ಕಾರಿಡಾರಿನಲ್ಲಿ ಕಾಣಿಸಿಕೊಂಡರು. ನಾನು ಎದುರು ಹೋಗಿ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಒಂದೇ ಮಾತು ಕೇಳಿದರು. "ನಂಬರು?"

"ಯಾವ ನಂಬರು ಸಾರ್?"

"ರಕ್ತದ ಶೀಶೆಗೆ ಲ್ಯಾಬು ಕೊಡೋ ನಂಬರು ಕಣ್ರೀ! ಮಷೀನಿಗೆ ಈಗ್ಲೂ ಶನಿವಾರ ಮಧ್ಯಾಹ್ನ. ಶನಿವಾರ ಕೊಟ್ಟ ನಂಬರನ್ನೇ ಇವತ್ತಿನೋರಿಗೆ ಮತ್ತೆ ಕೊಡ್ತಾ ಕೂತಿರುತ್ತೆ!"

ನನಗೆ ಆಗಲೂ ಪೂರ್ತಿ ಅರ್ಥವಾಗಲಿಲ್ಲ. ಅವರು ಓಡಿದರು. ಅರವತ್ತರ ಹತ್ತಿರದ ಆ ಮನುಷ್ಯ ಚೀಲ ಎಸೆದು ಓಡಿದ್ದನ್ನು ಆಸ್ಪತ್ರೆಯಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ. ಲ್ಯಾಬಿನ ಬಾಗಿಲಲ್ಲಿ ನಿಂತು, "ಒಂದು ರಿಪೋರ್ಟೂ ಹೊರಗೆ ಹೋಗ್ಕೂಡ್ದು! ಕೈ ತೆಗೀರಿ ಎಲ್ರೂ!" ಎಂದು ಕೂಗಿದರು. ಅಲ್ಲಿಂದಲೇ ತರೀಕೆರೆಗೆ ಫೋನ್ ಮಾಡಿದರು. ಅಲ್ಲಿ ಇನ್ನೂ ಯಾರಿಗೂ ರಿಪೋರ್ಟ್ ಕೊಟ್ಟಿರಲಿಲ್ಲ. ಆಮೇಲೆ ಅಜ್ಜಂಪುರ.

ಅಜ್ಜಂಪುರ, ತರೀಕೆರೆಯಲ್ಲಿ ತೆಗೆದ ರಕ್ತವೂ ನಮ್ಮ ಲ್ಯಾಬಿಗೇ ಬರುತ್ತಿತ್ತು. ಅಜ್ಜಂಪುರದ ಕ್ಲಿನಿಕ್ಕಿನ ಹಳೆಯ ಕಂಪ್ಯೂಟರಿನಲ್ಲಿ ರಕ್ತದ ಚೀಟಿಯ ನಂಬರ್ ಹಾಕಿದರೆ ಬರೀ ಅಂಕಿಗಳು ಬರುತ್ತಿದ್ದವು, ರೋಗಿಯ ಹೆಸರು ಬರುತ್ತಿರಲಿಲ್ಲ. ಅದನ್ನು ಬದಲಿಸಿ ಎಂದು ಸಾಹೇಬರು ಮೂರು ಸಲ ಬರೆದುಕೊಟ್ಟಿದ್ದರು. ಫೋನ್ ಎತ್ತಿದ ನರ್ಸ್ ಹೇಳಿದ್ದು ಲ್ಯಾಬಿನಲ್ಲಿದ್ದ ಎಲ್ಲರಿಗೂ ಕೇಳಿಸಿತು.

"ಒಬ್ರು ಬಂದಿದ್ರು ಸಾರ್. ಶನಿವಾರ ಸಾಯಂಕಾಲ ರಕ್ತ ಕೊಟ್ಟಿದ್ರು. ಇವತ್ತು ನೋಡಿದ್ರೆ ಶುಗರ್ ಸಿಕ್ಕಾಪಟ್ಟೆ ಇತ್ತು. ಡಾಕ್ಟ್ರಿಗೆ ಫೋನಲ್ಲೇ ಹೇಳಿ ಇನ್ಸುಲಿನ್ ಕೊಟ್ಟು ಕಳಿಸಿದೆ."

"ಎಷ್ಟೊತ್ತಾಯ್ತು?"

"ಅರ್ಧ ಗಂಟೆ ಆಯ್ತೇನೋ ಸಾರ್."

"ಅದು ಅವರ ರಿಪೋರ್ಟಲ್ಲಮ್ಮ. ಇಲ್ಲಿ ಕಡೂರಲ್ಲಿ ಇನ್ಯಾರದ್ದೋ. ಅವರನ್ನ ಹುಡುಕು. ಗ್ಲೂಕೋಸ್ ಕೈಯಲ್ಲೇ ಹಿಡ್ಕೊಂಡು ಓಡು. ಫೋನ್ ಇಡ್ಬೇಡ, ಹಂಗೇ ಬಿಟ್ಟು ಓಡು!"

ಅವಳು ಫೋನನ್ನು ಮೇಜಿನ ಮೇಲೆ ಬಿಟ್ಟು ಓಡಿದಳು. ನಾವು ಕಡೂರಿನಲ್ಲಿ ನಿಂತು ಅಜ್ಜಂಪುರದ ಆ ಖಾಲಿ ಕೋಣೆಯ ಸದ್ದು ಕೇಳುತ್ತಿದ್ದೆವು. ಫ್ಯಾನು ತಿರುಗುತ್ತಿತ್ತು. ಗೋಡೆಯ ಕ್ಯಾಲೆಂಡರಿನ ಹಾಳೆ ಪಟಪಟ ಬಡಿಯುತ್ತಿತ್ತು. ಯಾರೋ ಬಂದು, "ಸಿಸ್ಟರ್, ಸಿಸ್ಟರ್" ಎಂದು ಕರೆದು ಹೊರಟುಹೋದರು. ಸಾಹೇಬರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು.  ಮೂರು ವರ್ಷ ನಾನು ಕಾಯ್ದದ್ದು ಬೀರು, ಫ್ಯಾನು, ಪರದೆಯ ಹಸಿರು ಬಣ್ಣ ಎಂದುಕೊಂಡಿದ್ದೆ. ಅದರ ತುದಿಯಲ್ಲಿ ಒಂದು ಮೈ ಇದೆ, ಆ ಮೈಯೊಳಗೆ ಸೂಜಿ ಇಳಿಯುತ್ತದೆ ಎಂಬುದು ಒಂದು ದಿನವೂ ಮನಸ್ಸಿಗೆ ಬಂದಿರಲಿಲ್ಲ. ನನ್ನ ಬೆರಳನ್ನೇ ನೋಡಿಕೊಂಡೆ. ಇದೇ ಬೆರಳು ಒತ್ತಿದ್ದು.

ಇಪ್ಪತ್ತು ನಿಮಿಷದ ಮೇಲೆ ಏದುಸಿರು ಕೇಳಿಸಿತು. "ಸಿಕ್ಕಿದ್ರು ಸಾರ್. ತಮ್ಮ ಖಾನಾವಳಿ ಒಳಗೇ ಬಿದ್ಬಿಟ್ಟಿದ್ರು. ಒಲೆ ಒಂದು ಮಾರು ದೂರ ಇತ್ತು. ಗ್ಲೂಕೋಸ್ ಹಾಕ್ದೆ, ಕಣ್ಬಿಟ್ರು. ಮಾತಾಡಿದ್ರು."

ಸಾಹೇಬರು ನೆಲದ ಮೇಲೆಯೇ ಕೂತುಬಿಟ್ಟರು. ಎರಡು ನಿಮಿಷ ಅಷ್ಟೇ. ಎದ್ದು, "ಬನ್ನಿ, ಕೆಲಸ ಐತೆ" ಎಂದರು.

ಭಾನುವಾರದ ಬ್ಯಾಕಪ್ಪಿನಿಂದ ಲ್ಯಾಬಿನ ಮಷೀನನ್ನು ಮರಳಿ ನಿಲ್ಲಿಸಿದೆವು. ಪ್ರತಿ ಹೆಜ್ಜೆಯನ್ನೂ ನಾನು ಜೋರಾಗಿ ಓದಿದೆ. ಎರಡೆರಡು ಸಲ ಕೊಟ್ಟ ನಂಬರುಗಳನ್ನು ಹುಡುಕಿದೆವು. ಹದಿನಾಲ್ಕು ಸಿಕ್ಕವು. ಸಂಜೆಯೊಳಗೆ ಆ ನಂಬರಿನ ಒಬ್ಬೊಬ್ಬರಿಗೂ ಸಾಹೇಬರೇ ಫೋನ್ ಮಾಡಿದರು. ಬೇರೆ ಯಾರಿಗೂ ಏನೂ ಆಗಿರಲಿಲ್ಲ.

ಮರುದಿನ ಬೆಳಗ್ಗೆ ನನ್ನನ್ನು ಕರೆದುಕೊಂಡು ಅಜ್ಜಂಪುರದ ಬಸ್ ಹತ್ತಿದರು. ದಾರಿಯಲ್ಲಿ ನಾನು ಕೇಳಿದೆ, "ಮಷೀನ್ ತೊಂದ್ರೆ ಆಯ್ತು ಅಂತ ಹೇಳಿದ್ರೆ ಸಾಲ್ದಾ ಸಾರ್?"

"ಮಷೀನಿಗೆ ನೀವು ಹೇಳಿದ್ದನ್ನ ಅದು ಮಾಡ್ತು. ಅದರ ಮೇಲೆ ಯಾಕೆ ಹಾಕ್ತೀರಿ?" ಎಂದರು. 

ಖಾನಾವಳಿ ಅಂದು ಮುಚ್ಚಿತ್ತು. ಒಳಗೆ ಮಂಚದ ಮೇಲೆ ಆ ಹೆಂಗಸು ದಿಂಬಿಗೆ ಒರಗಿ ಕೂತಿದ್ದರು. ಅರವತ್ತರ ಆಸುಪಾಸು, ಹಣೆಯಲ್ಲಿ ವಿಭೂತಿ, ಬಿದ್ದಾಗ ತಗುಲಿ ಕೆನ್ನೆ ನೀಲಿಗಟ್ಟಿತ್ತು. ಪಕ್ಕದಲ್ಲಿ ಮಗ. ಸಾಹೇಬರು ನನ್ನ ಕಡೆ ನೋಡಿದರು. ನಾನು ಹೇಳಿದೆ. ಯಾವ ಗುಂಡಿ, ಹೇಗೆ ಒತ್ತಿದೆ, ಗೊತ್ತಾದ ಮೇಲೂ ಒಂದೂವರೆ ಗಂಟೆ ಬಾಯಿ ಮುಚ್ಚಿಕೊಂಡು ಕೂತೆ ಎನ್ನುವುದನ್ನೂ ಹೇಳಿದೆ.

ಮಗ ಎದ್ದು ನಿಂತ. "ನಮ್ಮವ್ವ ಸತ್ತೇ ಹೋಗಿದ್ರೆ ಹಿಂಗೇ ಬಂದು ಕತೆ ಹೇಳ್ತಿದ್ರಾ?" ಎಂದು ಕೈ ಎತ್ತಿದ. ಸಾಹೇಬರು ಅಡ್ಡ ಬರಲಿಲ್ಲ. ನಾನೂ ಹಿಂದೆ ಸರಿಯಲಿಲ್ಲ. 

"ಕೂತ್ಕಳೋ" ಎಂದರು ಆ ತಾಯಿ.  ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. "ನನ್ನಂಗೆ ಇನ್ನೆಷ್ಟು ಜನ ಅವ್ರೆ?" ಎಂದು ಕೇಳಿದರು.

"ಹದಿನಾಲ್ಕು ನಂಬರು ಅಮ್ಮ. ಮಿಕ್ಕೋರಿಗೆಲ್ಲ ನಿನ್ನೆನೇ ಹೇಳಿ ಆಯ್ತು. ಎಲ್ಲ ಚೆನ್ನಾಗವ್ರೆ" ಎಂದರು ಸಾಹೇಬರು.

"ಹಂಗಾದ್ರೆ ಸರಿ" ಎಂದು ಅವರು ಗೋಡೆ ಕಡೆ ಹೊರಳಿ ಮಲಗಿದರು.

ವಾರದ ಕೊನೆಗೆ ಆಡಳಿತಾಧಿಕಾರಿ ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ ಇತ್ತು. ತಾಂತ್ರಿಕ ದೋಷದಿಂದ ಹೀಗಾಯಿತು, ಈಗ ಸರಿಪಡಿಸಲಾಗಿದೆ ಎಂದು ಅದರಲ್ಲಿತ್ತು. "ಇದಕ್ಕೊಂದು ಸಹಿ ಹಾಕ್ಬಿಡಿ ಸಾಹೇಬ್ರೇ, ಇಲ್ಲಿಗೆ ಮುಗಿಸೋಣ."

ಸಾಹೇಬರು ಹಾಳೆ ಓದಿ ಹಿಂದಕ್ಕೆ ತಳ್ಳಿದರು. ಜೇಬಿನಿಂದ ತಮ್ಮದೊಂದು ಕಾಗದ ತೆಗೆದಿಟ್ಟರು. ಕೈಬರಹ, ಅರ್ಧ ಪುಟ. ಫೋಟೋವನ್ನು ಶನಿವಾರವೇ ಅಳಿಸದೆ ಸೋಮವಾರಕ್ಕೆ ಬಿಟ್ಟದ್ದು ತಮ್ಮ ತಪ್ಪು, ಅಜ್ಜಂಪುರದ ಪರದೆಯಲ್ಲಿ ಹೆಸರಿಲ್ಲದಿರುವುದು ಸಂಸ್ಥೆಯ ತಪ್ಪು, ತಮ್ಮ ವಿಭಾಗದ ಕೈತಪ್ಪಿನಿಂದ ಒಬ್ಬರ ಜೀವಕ್ಕೆ ಅಪಾಯವಾಯಿತು ಎಂದು ಬರೆದಿದ್ದರು.

"ವಿಭಾಗ ಅಂದ್ರೆ ಯಾರು?" ಎಂದರು ಆಡಳಿತಾಧಿಕಾರಿ.

"ವಿಭಾಗ ಅಂದ್ರೆ ನಾನು."

ನಾನು ಅಲ್ಲೇ ಕೂತಿದ್ದೆ.  ಖಾನಾವಳಿಯಲ್ಲಿ ಹೇಳಿದ ಮಾತನ್ನು ಈ ಕೋಣೆಯಲ್ಲಿ ಹೇಳುವುದಕ್ಕೆ ನನ್ನಿಂದ ಆಗಲಿಲ್ಲ. ನನಗೆ ಇಬ್ಬರು ಓದುವ ಮಕ್ಕಳಿದ್ದರು, ಗಂಡನ ತೆಂಗಿನಕಾಯಿ ವ್ಯಾಪಾರ ಆ ವರ್ಷ ಕುಸಿದಿತ್ತು. ಇವೆಲ್ಲ ಕಾರಣಗಳು ಹೌದು. ಆದರೆ ಆ ಹೊತ್ತಿಗೆ ಇವು ಯಾವುವೂ ನೆನಪಿಗೆ ಬರಲಿಲ್ಲ. ಬರೀ ಹೆದರಿಕೆ ಇತ್ತು, ಅಷ್ಟೆ.

ಮುಂದಿನ ತಿಂಗಳು ಅವರ ಗುತ್ತಿಗೆ ಮುಗಿಯಿತು. ಮುಂದುವರಿಸಲಿಲ್ಲ. ಕಾರಿಡಾರಿನಲ್ಲಿ ನಾನು ಅಳುತ್ತಾ ನಿಂತಾಗ ಅವರು ಹೇಳಿದ್ದು ಇಷ್ಟು. "ಆ ಖಾನಾವಳಿಯಮ್ಮಂಗೆ ನಿಜ ಬೇಕಿತ್ತು, ಅದಕ್ಕೆ ನಿಮ್ಮನ್ನ ಕರ್ಕೊಂಡು ಹೋದೆ. ಇವರಿಗೆ ಬೇಕಾಗಿದ್ದು ನಿಜ ಅಲ್ಲ, ಒಂದು ತಲೆ. ನಂದು ಹತ್ರದಲ್ಲೇ ಇತ್ತು. ಹೋಗಿ, ಮೂರು ಊರಿನ ಜನ ನಿಮ್ಮ ಕೈಯಲ್ಲಿ ಅವ್ರೆ."

ಕೋಣೆ ಮತ್ತೆ ನನ್ನದಾಯಿತು. ಹಾಗೆ ಆಗಬೇಕೆಂದು ಒಂದು ಕಾಲದಲ್ಲಿ ಬಯಸಿದ್ದೆ. ಈಗ ಬೀಗದ ಕೈ ಹಿಡಿಯುವಾಗ ಕೈ ಸುಡುತ್ತಿತ್ತು. ಆಮೇಲಿನ ಎರಡು ವರ್ಷದಲ್ಲಿ ಅವರಿಗೆ ಹತ್ತಾರು ಸಲ ಫೋನ್ ಮಾಡಿದ್ದೇನೆ. ಡಿಸ್ಕ್ ಕೆಟ್ಟಾಗ, ಎ.ಸಿ. ನಿಂತಾಗ. ಒಂದು ಸಲವೂ ಹಳೆಯದನ್ನು ಎತ್ತಲಿಲ್ಲ. "ಮೊದ್ಲು ಏನು ಕೆಟ್ಟೈತೆ ಅಂತ ಎಲ್ರಿಗೂ ಹೇಳಿ, ಆಮೇಲೆ ರಿಪೇರಿ" ಎನ್ನುತ್ತಿದ್ದರು. ನಾನೂ ಹಳೆಯದನ್ನು ಎತ್ತಲಿಲ್ಲ. ಇನ್ನೊಂದು ದಿನ ಹೇಳೋಣ, ಮನೆಗೇ ಹೋಗಿ ಹೇಳೋಣ ಎಂದು ಮುಂದೂಡುತ್ತಲೇ ಬಂದೆ.

ಕಳೆದ ತಿಂಗಳು ಒಂದು ಬೆಳಗ್ಗೆ ನನ್ನ ಫೋನಿನಲ್ಲಿ ಅವರ ಹೆಸರು ಮೂಡಿತು. ಅವರಾಗಿ ಯಾವತ್ತೂ ಮಾಡಿದವರಲ್ಲ. ಖುಷಿಯಿಂದ ಎತ್ತಿ, "ಸಾರ್!" ಎಂದೆ.

ಆ ಕಡೆ ಹೆಣ್ಣು ದನಿ. "ನಾನು ಅವರ ಮಗಳು. ಅಬ್ಬಾ ಹೋಗ್ಬಿಟ್ರು. ನಮಾಜ್ ಮುಗಿಸಿ ಕುರ್ಚಿ ಮೇಲೆ ಕೂತೋರು ಹಂಗೇ..." ಮುಂದೆ ಅವರು ಹೇಳಿದ್ದು ನನಗೆ ಕೇಳಿಸಲಿಲ್ಲ. ಸುತ್ತ ಎಲ್ಲ ಫ್ಯಾನುಗಳೂ ತಿರುಗುತ್ತಿದ್ದವು. ಏನೂ ಆಗಿಲ್ಲವೆಂಬಂತೆ ಅವು ತಿರುಗುತ್ತಿದ್ದುದನ್ನು ಕಂಡು ನನಗೆ ಕಿರುಚಬೇಕೆನಿಸಿತು.

ಮೂರನೆಯ ದಿನ ತರೀಕೆರೆಗೆ ಹೋದೆ. ಗಂಡಸರು ಹೊರಗೆ ಚಾಪೆ ಮೇಲಿದ್ದರು. ನನ್ನನ್ನು ಒಳಗೆ ಕಳಿಸಿದರು. ಸಣ್ಣ ಕೋಣೆ, ಓಣಿಯ ಹೆಂಗಸರೆಲ್ಲ ಗೋಡೆಗೆ ಒರಗಿ ಕೂತಿದ್ದರು. ಮಗಳು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ಅಪ್ಪನದ್ದೇ ಕಣ್ಣು. ನನಗೆ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತರು.

"ನಿಮ್ಮ ಬಗ್ಗೆ ಬಾಳಾ ಹೇಳ್ತಿದ್ರು ಅಬ್ಬಾ. ನನ್ನ ಹತ್ರ ಕಲ್ತೋರಲ್ಲಿ ಅವರೇ ಗಟ್ಟಿ ಅಂತ" ಎಂದರು. ಆಮೇಲೆ ದನಿ ತಗ್ಗಿಸಿ, "ಒಂದು ಕೇಳ್ಲಾ? ಅಬ್ಬಾ ಅಲ್ಲಿ ಏನೋ ತಪ್ಪು ಗುಂಡಿ ಒತ್ಬಿಟ್ರಂತೆ, ಅಜ್ಜಂಪುರದಲ್ಲಿ ಯಾರೋ ಸಾಯೋ ಹಂಗಾಗಿತ್ತಂತೆ. ಅದಕ್ಕೇ ಕೆಲಸ ಹೋಯ್ತು ಅಂತ ಊರೆಲ್ಲ ಅಂದ್ರು. ನಾವು ಕೇಳಿದ್ರೆ ಹೌದು ಅಂತ ತಲೆ ಆಡಿಸಿ ಸುಮ್ಮನಾಗೋರು. ಮನೇಲಿ ಲೈಟ್ ಸ್ವಿಚ್ ಹಾಕೋವಾಗ್ಲೂ ಎರಡ್ಸಲ ನೋಡೋ ಮನುಷ್ಯ. ಎರಡು ವರ್ಷದಿಂದ ಅಮ್ಮಿಗೆ ಇದು ಹೊಟ್ಟೇಲಿ ಕೊರೀತಾ ಐತೆ. ನೀವು ಜೊತೇಲಿದ್ದೋರು, ಹೇಳಿ. ನಮ್ಮಬ್ಬಾ ಅಷ್ಟು ಬೇಜವಾಬ್ದಾರಿ ಇದ್ರಾ?"

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಆಡಳಿತಾಧಿಕಾರಿಯ ಮುಂದೆ ಅವರು ತಲೆ ಕೊಟ್ಟದ್ದು ನನಗೆ ಗೊತ್ತಿತ್ತು. ಸ್ವಂತ ಮನೆಯಲ್ಲಿ, ಹೆಂಡತಿ ಮಗಳ ಎದುರು, ಎರಡು ವರ್ಷ ನನ್ನ ಬೆರಳನ್ನು ತಮ್ಮದೆಂದು ಒಪ್ಪಿಕೊಂಡು ಬದುಕಿದರು ಎಂಬುದು ಗೊತ್ತಿರಲಿಲ್ಲ. 

"ಒತ್ತಿದ್ದು ಅವರಲ್ಲ" ಎಂದೆ. "ನಾನು. ಅವರು ಆಗ ರೈಲಲ್ಲಿದ್ರು. ಅವರು ಬಂದಿದ್ದಕ್ಕೆ ಆ ಜೀವ ಉಳೀತು."

ಮಗಳು ನನ್ನನ್ನೇ ನೋಡಿದರು.  ನಿಧಾನವಾಗಿ ಎದ್ದು ಒಳಮನೆಗೆ ಹೋದರು. ಬಿಳಿ ಸೆರಗು ಹೊದ್ದ ತಾಯಿಯ ತೋಳು ಹಿಡಿದು ಕರೆತಂದು, ನನ್ನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂರಿಸಿದರು. ಗೋಡೆಗೆ ಒರಗಿದ್ದ ಹೆಂಗಸರು ಈ ಕಡೆ ತಿರುಗಿದರು.

"ಅಮ್ಮಿಗೆ ಕಿವಿ ಮಂದ" ಎಂದರು ಮಗಳು. "ಇನ್ನೊಂದ್ಸಲ ಹೇಳಿ. ಎಲ್ರಿಗೂ ಕೇಳೋ ಹಂಗೆ ಹೇಳಿ."

ನಾನು ಹೇಳಿದೆ.